ಕೂಗಾಟ ಜಾಸ್ತಿ, ಓಟ ಕಮ್ಮಿ

ಆ ದಿನ ನಮ್ಮ ದೋಣಿಯ ಎಂಜಿನ್ ಕೂಗಿದ ಕೂಗಿಗೆ ನಾವು ನೀರಿನ ಮೇಲೆ ಹಾರಬೇಕಿತ್ತು. ಹೋಗುತ್ತಿದ್ದದ್ದು ಒಂದು ಬಾತುಕೋಳಿಯ ಹಿಂದೆ. ಅದಕ್ಕೇನೂ ಅವಸರ ಇದ್ದ ಹಾಗೆ ಕಾಣಲಿಲ್ಲ.

ಹತ್ತು ನಿಮಿಷ ಮುಂಚೆ ಪ್ರೊಪೆಲ್ಲರ್ ನೀರಡಿಯ ಬಂಡೆಗೆ ಬಡಿದಿತ್ತು. "ಭಾವ, ಏನೋ ಟಣ್ ಅಂತು" ಅಂದ ಭಾಮೈದ. "ಏನೂ ಆಗಿಲ್ಲ, ಸುಮ್ನಿರು" ಅಂದೆ. ದೋಣಿ ಕೊಂಡವರು ಈಜು ಕಲಿಯುವುದಕ್ಕೂ ಮುಂಚೆ ಈ ಮಾತು ಕಲಿತಿರುತ್ತಾರೆ.

ಪ್ರೊಪೆಲ್ಲರಿನ ನಡುವೆ, ಎಂಜಿನ್ ತಿರುಗಿಸುವ ಶಾಫ್ಟಿಗೂ ರೆಕ್ಕೆಗಳಿಗೂ ಗಂಟು ಹಾಕುವ ಒಂದು ರಬ್ಬರ್ ಹಬ್ ಇರುತ್ತದೆ. ರೆಕ್ಕೆಗೆ ಏಟು ಬಿದ್ದಾಗ ಗೇರು ಉಳಿಯಲಿ ಅಂತ ಅದು ತಾನೇ ಜಾರಿಕೊಡುತ್ತದೆ. ಪಾಪದ್ದು. ಆದರೆ ಒಮ್ಮೆ ಜಾರಿ ಹಾಳಾಯಿತೋ, ಆಮೇಲೆ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಜಾರುವುದೇ ಕೆಲಸ. ಒಳಗೆ ಶಾಫ್ಟ್ ಗಿರಗಿರ ತಿರುಗುತ್ತದೆ, ಹೊರಗೆ ರೆಕ್ಕೆಗಳು "ಬಂದೆ, ಬಂದೆ" ಅನ್ನುತ್ತಾ ನಿಧಾನಕ್ಕೆ ಏಳುತ್ತವೆ. ಮನೆಯಲ್ಲಿ ನಾನು ಯಾರಿಗಾದರೂ ಕೆಲಸ ಹೇಳಿದಾಗಲೂ ಹೀಗೇ.

ಅವರವರ ಹಣೆಬರಹ, ಅಲ್ವಾ? ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1837ರಲ್ಲಿ ಕಾಲುವೆಯೊಂದರಲ್ಲಿ ತನ್ನ ಮರದ ಸ್ಕ್ರೂ ಪ್ರೊಪೆಲ್ಲರ್ ಓಡಿಸಿ ನೋಡುತ್ತಿದ್ದ. ಅದು ಅರ್ಧ ಮುರಿದುಹೋಯಿತು. ದೋಣಿ ಮೊದಲಿಗಿಂತ ಜೋರಾಗಿ ಓಡಿತು! ಅವನ ಹೆಸರು ಇತಿಹಾಸಕ್ಕೆ ಸೇರಿತು. ನನ್ನದೂ ಬಡಿಯಿತು. ನನ್ನ ಹೆಸರು ಅಂಗಡಿಯವನ ಬಿಲ್ ಪುಸ್ತಕಕ್ಕೆ ಸೇರಿತು.

ಹಳೆಯ ಪ್ರೊಪೆಲ್ಲರಿನ ಮೇಲೆ 13 ಮತ್ತು 17 ಅಂತ ಕೊರೆದಿತ್ತು. 13 ಇಂಚು ಅಗಲ. 17 ಅಂದರೆ ಪಿಚ್, ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಮುಂದೆ ಹೋಗುವ ಇಂಚುಗಳು. ಲೆಕ್ಕದಲ್ಲಿ ಮಾತ್ರ, ನೀರು ಅಷ್ಟು ಗಟ್ಟಿ ಅಲ್ಲ. ಹಾಗಾದರೆ 19 ಕೊಂಡರೆ ಎರಡು ಇಂಚು ಲಾಭ ಅಲ್ವಾ ಅಂತ ನನ್ನ ವ್ಯಾಪಾರಿ ಬುದ್ಧಿ. ಅಂಗಡಿಯವನು ಕೇಳಿದ, "ಫುಲ್ ಕೊಟ್ಟಾಗ ಎಷ್ಟು ಆರ್‌ಪಿಎಂ ಬರುತ್ತೆ ಸಾರ್?" "ಚೆನ್ನಾಗೇ ಬರುತ್ತೆ" ಅಂದೆ. ಆತ ನನ್ನನ್ನು ಒಂದು ಕ್ಷಣ ನೋಡಿದ. ಪಿಚ್ ಹೆಚ್ಚಾದರೆ ಎಂಜಿನ್ ಏದುಸಿರು ಬಿಡುತ್ತದೆ, ಏರಿನಲ್ಲಿ ಸೈಕಲ್ಲನ್ನು ಟಾಪ್ ಗೇರಿನಲ್ಲಿ ತುಳಿದ ಹಾಗೆ ಅಂತ ಹೇಳಿ 17ನ್ನೇ ಕಟ್ಟಿಕೊಟ್ಟ.

"ಭಾವ, ದೋಣಿ ದಡಕ್ಕೆ ಎಳೆದು ಬಿಚ್ಚೋಣ" ಅಂದ ಭಾಮೈದ. ಐದು ನಿಮಿಷದ ಕೆಲಸಕ್ಕೆ ಅಷ್ಟೆಲ್ಲ ಯಾಕೆ ಅಂತ ನಾನು ಮಂಡಿಯುದ್ದ ನೀರಿನಲ್ಲೇ ನಿಂತೆ. ಎಂಜಿನ್ ನ್ಯೂಟ್ರಲ್ ಮಾಡಿ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಇಡೀ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ನಟ್ಟು ಕಳಚದ ಹಾಗೆ ಹಿಡಿಯುವ ಸ್ಪ್ಲಿಟ್ ಪಿನ್ನಿನ ಬಾಗಿದ ಕಾಲುಗಳನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿ ಎಳೆದೆ. ರೆಕ್ಕೆ ತಿರುಗದಿರಲಿ ಅಂತ ಅದಕ್ಕೂ ಅದರ ಮೇಲೆ ಎಂಜಿನ್ನಿಗಿರುವ ತಟ್ಟೆಗೂ ನಡುವೆ ಮರದ ತುಂಡು ಕೊಟ್ಟು ನಟ್ಟು ಸಡಿಲಿಸಿದೆ. ನಟ್ಟು ಬಂತು. ಬುಳುಕ್ ಅಂತು.

ಭಾಮೈದ ಏನೂ ಅನ್ನಲಿಲ್ಲ. ಓಡಿಹೋಗಿ ದಾರಕ್ಕೆ ಆಯಸ್ಕಾಂತ ಕಟ್ಟಿ ತಂದ. ಅರ್ಧ ಗಂಟೆ ಗಾಳ ಹಾಕಿದೆವು. ಒಂದು ಮೊಳೆ, ಒಂದು ಡಬ್ಬಿ ಮುಚ್ಚಳ ಸಿಕ್ಕವು. ಆಮೇಲೆ ನೆನಪಾಯಿತು, ನಟ್ಟು ಹಿತ್ತಾಳೆಯದು. ಕೊನೆಗೆ ಅದನ್ನು ಪತ್ತೆ ಹಚ್ಚಿದ್ದು ನನ್ನ ಕಾಲಿನ ಹೆಬ್ಬೆರಳು.

ಪ್ರೊಪೆಲ್ಲರ್ ಎಳೆದು ತೆಗೆದರೆ ಶಾಫ್ಟಿಗೆ ಯಾರದ್ದೋ ಗಾಳದ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಇದನ್ನು ಮಾತ್ರ ತಮಾಷೆ ಅಂದುಕೊಳ್ಳಬೇಡಿ. ದಾರ ಒಳಗಿನ ಸೀಲನ್ನು ಕೊಯ್ದರೆ ಗೇರ್ ಆಯಿಲಿಗೆ ನೀರು ಸೇರಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆಮೇಲಿನ ಬಿಲ್ಲಿನ ಮುಂದೆ ಪ್ರೊಪೆಲ್ಲರ್ ಬಿಲ್ಲು ಚಿಲ್ಲರೆ. ಪುಣ್ಯಕ್ಕೆ ಸೀಲ್ ಬದುಕಿತ್ತು. ಆಯಿಲ್ ತೆಗೆದು ನೋಡಿದರೆ ಅದರ ಬಣ್ಣವೂ ಸರಿಯಾಗಿಯೇ ಇತ್ತು.

ಶಾಫ್ಟಿನ ಹಲ್ಲುಗಳಿಗೆ ಧಾರಾಳವಾಗಿ ಗ್ರೀಸ್ ಬಳಿದು ಹೊಸದನ್ನು ತೂರಿಸಿ, ನಟ್ಟು ಬಿಗಿದು, ಹೊಸ ಪಿನ್ ಹಾಕಿ ಕಾಲು ಬಾಗಿಸಿದೆ. ಹೆಮ್ಮೆಯಿಂದ ಕೈಯಲ್ಲಿ ತಿರುಗಿಸಿದೆ. ಕರ್ರ್ ಅಂತು. ಇನ್ನೊಮ್ಮೆ. ಕರ್ರ್ರ್.

"ಭಾವ," ದಡದಲ್ಲಿ ಹಳೆಯದನ್ನು ಹಿಡಿದು ಕೂತಿದ್ದ ಭಾಮೈದ ಮೆಲ್ಲಗೆ ಕೇಳಿದ, "ಇದರ ಬಾಯಲ್ಲಿ ಬಳೆ ಥರ ಏನೋ ಅಂಟಿಕೊಂಡಿದೆಯಲ್ಲ, ಅದೂ ಬೇಕಿತ್ತಾ?"

ಥ್ರಸ್ಟ್ ವಾಷರ್! ಪ್ರೊಪೆಲ್ಲರ್ ಗೇರ್ ಪೆಟ್ಟಿಗೆಗೆ ಉಜ್ಜದಿರಲಿ ಅಂತ ಅದಕ್ಕಿಂತ ಮುಂಚೆ ಶಾಫ್ಟಿಗೆ ಹೋಗಬೇಕಾದ ಬಳೆ. ಹಳೆ ಗ್ರೀಸಿನಲ್ಲಿ ಅಂಟಿಕೊಂಡು ಹಳೆಯದರ ಜೊತೆಗೇ ಎದ್ದು ಬಂದಿತ್ತು.

ಮತ್ತೆ ಪಿನ್, ಮತ್ತೆ ಮರದ ತುಂಡು, ಮತ್ತೆ ನಟ್ಟು. ಈ ಸಲ ನಟ್ಟು ನೀರಿಗೆ ಬೀಳಬಾರದು ಅಂತ ಭಾಮೈದನೇ ಅದನ್ನು ಒರೆಸಿ ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡ. ಆ ಹತ್ತು ನಿಮಿಷ ಒಂದೂ ಸಲಹೆ ಬರಲಿಲ್ಲ. ಕೆಲಸ ಎಷ್ಟು ಸಲೀಸಾಗಿ ನಡೆಯಿತು ಅಂತೀರಿ!

ನಟ್ಟು ಶಾಫ್ಟಿಗೆ ಏರಿತು. ಅವನ ಬಾಯಿ ಖಾಲಿಯಾಯಿತು.

"ಭಾವ, ಒಂದ್ಸಲ ಬಾಗಿಸಿದ ಪಿನ್ ಮತ್ತೆ ಹಾಕಬಾರದು ಅಲ್ವಾ? ಇನ್ನೊಂದು ತಂದಿದ್ದೀರಾ?"