ಸ್ಟಾರ್ ಎಣಿಸೋ ಮುಂಚೆ ಮೆನು ಓದಿ

ಫಾರಿನ್ ಟ್ರಿಪ್ ಪಕ್ಕಾ ಆದ ತಕ್ಷಣ ನಮ್ಮ ಬೆಂಗಳೂರಿನವರು ಮಾಡೋ ಮೊದಲ ಕೆಲಸ ಅಂದ್ರೆ ಹೋಟೆಲ್‌ಗಳ ಅಡುಗೆಗೆ ಒಂದರಿಂದ ಮೂರು ಸ್ಟಾರ್ ಕೊಡೋ ಮಿಶೆಲಿನ್ ಗೈಡ್‌ನ ಪಟ್ಟಿ ತೆಗೆದು ಮೂರು ಸ್ಟಾರ್ ಇರೋದಕ್ಕೆಲ್ಲ ಗುರುತು ಹಾಕಿಕೊಳ್ಳೋದು. ಇದು ಪೂರ್ತಿ ಉಲ್ಟಾ. ಪಟ್ಟಿ ಕೊನೆಗೆ ನೋಡಿದರೆ ಸಾಕು. ಅದರಲ್ಲೂ ಸಸ್ಯಾಹಾರಿಯಾದರೆ, ಆ ಅಡುಗೆಮನೆಗೆ ನಿಮಗೆ ಊಟ ಹಾಕೋಕೆ ಮನಸ್ಸಿದೆಯಾ, ಬರುತ್ತಾ ಅನ್ನೋದು ಮೊದಲು ಗೊತ್ತಾಗಬೇಕು.

ಸ್ಟಾರ್ ಕೊಡೋದು ತಟ್ಟೆಯಲ್ಲಿರೋದಕ್ಕೆ ಮಾತ್ರ: ಸಾಮಗ್ರಿ, ಕೈಚಳಕ, ರುಚಿಗಳ ಹೊಂದಾಣಿಕೆ, ಶೆಫ್‌ನ ಛಾಪು, ಪ್ರತಿ ಸಲವೂ ಅದೇ ಮಟ್ಟ. ಕಿಟಕಿಯಾಚೆಯ ನೋಟಕ್ಕಾಗಲಿ ಮೆತ್ತನೆ ಕುರ್ಚಿಗಾಗಲಿ ಅಂಕ ಇಲ್ಲ. ಹಾಗಾಗಿಯೇ 2016ರಲ್ಲಿ ಸಿಂಗಾಪುರದ ಹಾಕರ್ ಅಂಗಡಿಗಳಿಗೂ, ಅಂದರೆ ಅಗ್ಗದ ಊಟದ ಗೂಡಂಗಡಿಗಳಿಗೂ, ಸ್ಟಾರ್ ಬಂತು. ಮೂರು ಸ್ಟಾರ್ ಇದ್ದ ಟೋಕಿಯೋದ ಸುಶಿ ಹೋಟೆಲ್ ಸುಕಿಯಾಬಾಶಿ ಜಿರೋ 2019ರಲ್ಲಿ ಗೈಡ್‌ನಿಂದ ಹೊರಬಿತ್ತು. ಅಡುಗೆ ಕೆಟ್ಟಿತ್ತು ಅಂತಲ್ಲ, ಜನಸಾಮಾನ್ಯರಿಗೆ ಅಲ್ಲಿ ಬುಕಿಂಗೇ ಸಿಗುತ್ತಿರಲಿಲ್ಲ. ಸಸ್ಯಾಹಾರಿಗೆ ಏನಿದೆ ಅನ್ನೋದಂತೂ ಆ ಲೆಕ್ಕದಲ್ಲೇ ಇಲ್ಲ.

ನಮ್ಮಲ್ಲಿ ಅರ್ಧ ಜನಕ್ಕೆ ಎಡವಟ್ಟಾಗೋದು ಇಲ್ಲೇ. ಜಪಾನ್ ತಗೊಳ್ಳಿ. ಅಲ್ಲಿನ ದಾಶಿ ಅನ್ನೋ ಸಾರು ಕೊಂಬು ಅನ್ನೋ ಕಡಲಕಳೆ, ಜೊತೆಗೆ ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಮೀನಿನ ತುರಿ ಹಾಕಿ ಮಾಡಿದ್ದು. ಮಿಸೋ ಸೂಪ್, ಟೆಂಪುರಾ ಅದ್ದಿಕೊಳ್ಳೋ ರಸ, ಹಬೆಯಲ್ಲಿ ಬೇಯಿಸಿದ ಮೊಟ್ಟೆಯ ಚವನ್‌ಮುಶಿ, ಕೊನೆಗೆ ಬೇಯಿಸಿದ ಪಾಲಕ್‌ಗೂ ಬೀಳೋದು ಅದೇ. ಊಟಕ್ಕೆ ಕೂತ ಮೇಲೆ ‘ವೆಜಿಟೇರಿಯನ್’ ಅಂದರೆ ಮೀನಿನ ತುಂಡು ತೆಗೆದಾರು, ಮೊದಲೇ ಕುದಿಸಿಟ್ಟ ಸಾರನ್ನು ಹೇಗೆ ತೆಗೀತಾರೆ? ಅಲ್ಲಿ ನಮಗೆ ಸರಿಹೋಗೋದು ಶೋಜಿನ್ ರ್‍ಯೋರಿ, ಅಂದರೆ ಬೌದ್ಧ ಮಠದ ಊಟ. ಅದರ ಸಾರಿಗೆ ಕೊಂಬು ಮತ್ತು ಒಣಗಿಸಿದ ಶಿಟಾಕೆ ಅಣಬೆ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕ್ಯೋಟೋದ ಅರಾಶಿಯಾಮಾದಲ್ಲಿ ತೆನ್‌ರ್‍ಯೂಜಿ ದೇವಾಲಯದ ಆವರಣದಲ್ಲೇ ಇರೋ ಶಿಗೆತ್ಸು ಇಂಥದ್ದು. ಜೈನರು ಗಡ್ಡೆ ತರಕಾರಿ ಬಗ್ಗೆ ಬೇರೆಯಾಗಿ ಕೇಳಬೇಕು.

ಯೂರೋಪಲ್ಲಿ ತೊಂದರೆ ಕಣ್ಣಿಗೆ ಕಾಣಲ್ಲ. ಅಣಬೆ ರಿಸೊಟ್ಟೊ ಅನ್ನೋ ಅನ್ನದ ಖಾದ್ಯಕ್ಕೆ ಕೋಳಿ ಸ್ಟಾಕ್ (ಕೋಳಿ ಕುದಿಸಿದ ಸಾರು), ಡೆಸರ್ಟ್‌ಗೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಅದು ಆ ಚೀಸ್‌ನ ನಿಯಮವೇ. ಥಾಯ್ಲೆಂಡಲ್ಲಿ ಫಿಶ್ ಸಾಸ್, ಸೀಗಡಿ ಪೇಸ್ಟ್. ಇದೆಲ್ಲ ನಡೆಯುತ್ತೆ ಅನ್ನೋರಿಗೆ ನನ್ನ ತಕರಾರೇನಿಲ್ಲ. ನಡೆಯಲ್ಲ ಅನ್ನೋರು ಬುಕ್ ಮಾಡೋವಾಗಲೇ ಇಮೇಲ್ ಹಾಕಿ. ‘ವೆಜಿಟೇರಿಯನ್’ ಅಂತ ಒಂದೇ ಪದ ಬರೆದು ಕೈತೊಳ್ಕೋಬೇಡಿ. ಮಾಂಸ, ಮೀನು, ಸೀಗಡಿ ಏಡಿ, ಇವುಗಳ ಸ್ಟಾಕ್, ಜೆಲಟಿನ್ ಬೇಡ, ಹಾಲು ಆಗುತ್ತೆ, ಮೊಟ್ಟೆ ಆಗುತ್ತೋ ಇಲ್ಲವೋ. ಹೀಗೆ ಒಂದೊಂದೇ ಹೆಸರು ಹೇಳಿ. ಇನ್ನೂ ಎರಡು ಪ್ರಶ್ನೆ ಕೇಳಿ: ಪ್ರತ್ಯೇಕ ಸಸ್ಯಾಹಾರಿ ಮೆನು ಇದೆಯಾ? ಇಲ್ಲದಿದ್ದರೆ ಒಂದಾದ ಮೇಲೊಂದು ಬರೋ ಖಾದ್ಯಗಳಲ್ಲಿ, ಅಂದರೆ ಕೋರ್ಸ್‌ಗಳಲ್ಲಿ, ಎಷ್ಟು ಬದಲಾಗುತ್ತೆ? ‘ಪ್ರಯತ್ನಿಸ್ತೀವಿ’ ಅಂತ ಒಂದು ಸಾಲಿನ ಉತ್ತರ ಬಂದರೆ ಬಿಟ್ಟುಬಿಡಿ. ಅದರ ಅರ್ಥ ಹನ್ನೆರಡು ಕೋರ್ಸಲ್ಲಿ ಐದಕ್ಕೆ ಹುರಿದ ಕ್ಯಾರೆಟ್, ದುಡ್ಡು ಮಾತ್ರ ಪೂರ್ತಿ. ಊಟಕ್ಕೆ ಒಂದು ವಾರ ಇರುವಾಗ ಅದೇ ಇಮೇಲ್ ಮತ್ತೊಮ್ಮೆ ಕಳಿಸಿ. ಸುಶಿ ಕೌಂಟರ್‌ನವರು ಆಗಲ್ಲ ಅಂತ ವೆಬ್‌ಸೈಟಲ್ಲೇ ಹಾಕಿದ್ದರೆ ವಾದಕ್ಕಿಳಿಯಬೇಡಿ, ಅದು ಪ್ರಾಮಾಣಿಕ ಉತ್ತರ.

ಸಸ್ಯಾಹಾರವನ್ನೇ ಕಸುಬು ಮಾಡಿಕೊಂಡ ಜಾಗಗಳೂ ಇವೆ. ಮಿಲಾನ್‌ನ ಜೋಯಾ 1989ರಲ್ಲಿ ಶುರುವಾಗಿ 1996ರಲ್ಲಿ ಸ್ಟಾರ್ ಪಡೀತು. ವಿಯೆನ್ನಾದಲ್ಲಿ ಟಿಯಾನ್ ಇದೆ. ದುಬೈನ ‘ಅವತಾರ’ ಅನ್ನೋ ಹೋಟೆಲ್ ಭಾರತೀಯ ಸಸ್ಯಾಹಾರಕ್ಕೇ 2023ರಲ್ಲಿ ಸ್ಟಾರ್ ಗಿಟ್ಟಿಸಿತು. ಆದರೆ ಹಳೇ ಲೇಖನ ನಂಬ್ಕೊಂಡು ಹೋಗಬೇಡಿ. ನ್ಯೂಯಾರ್ಕ್‌ನ ಇಲೆವೆನ್ ಮ್ಯಾಡಿಸನ್ ಪಾರ್ಕ್ 2021ರಲ್ಲಿ ಪೂರ್ತಿ ಸಸ್ಯಮೂಲದ ಊಟಕ್ಕೆ ತಿರುಗಿತು, 2025ರಲ್ಲಿ ಮಾಂಸ ಮತ್ತೆ ಬಂತು. ಪ್ಯಾರಿಸ್‌ನ ಅರ್ಪೇಜ್ ಅದೇ 2025ರಲ್ಲಿ ತದ್ವಿರುದ್ಧ ದಿಕ್ಕಿಗೆ ಹೋಯ್ತು. ನೋಡಬೇಕಾದ್ದು ಈ ತಿಂಗಳ ಮೆನು.

ಡಿನ್ನರ್‌ಗಿಂತ ಲಂಚ್ ವಾಸಿ ಅನ್ನೋದು ನನ್ನ ಇನ್ನೊಂದು ಹಠ. ಅದೇ ಅಡುಗೆಮನೆ, ಕೋರ್ಸ್ ಕಡಿಮೆ, ಬಹಳ ಕಡೆ ಬೆಲೆ ಅರ್ಧದ ಆಸುಪಾಸು. ಜೊತೆಗೆ ಜೆಟ್‌ಲ್ಯಾಗ್ ಲೆಕ್ಕ ಹಾಕಿ. ಬೇಸಿಗೆಯಲ್ಲಿ ಪ್ಯಾರಿಸ್‌ನ ರಾತ್ರಿ ಎಂಟು ಅಂದರೆ ಬೆಂಗಳೂರಿನ ಹನ್ನೊಂದೂವರೆ. ಶೆಫ್ ಆರಿಸಿದ ಸಣ್ಣ ಸಣ್ಣ ಕೋರ್ಸ್‌ಗಳ ಮೂರು ಗಂಟೆಯ ಟೇಸ್ಟಿಂಗ್ ಮೆನು ಮುಗಿಯೋ ಹೊತ್ತಿಗೆ ನಿಮ್ಮ ಹೊಟ್ಟೆಗೆ ಎರಡೂವರೆ ಆಗಿರುತ್ತೆ. ನ್ಯೂಯಾರ್ಕ್‌ನಲ್ಲಾದರೆ ಕೂರೋದೇ ನಮ್ಮ ಬೆಳಗಿನ ಐದೂವರೆಗೆ. ಇಳಿದ ಮೊದಲ ಎರಡು ರಾತ್ರಿ ದೊಡ್ಡ ಊಟ ಇಟ್ಕೋಬೇಡಿ. ಒಂದು ಟ್ರಿಪ್‌ಗೆ ಇಂಥ ಊಟ ಒಂದು ಸಾಕು, ಹತ್ತು ದಿನ ಮೀರಿದರೆ ಎರಡು. ಮೂರು ಗಂಟೆ ಕೂರೋ ತಾಳ್ಮೆ ಮನೆಯವರಿಗೆಲ್ಲ ಇದೆಯಾ ಅನ್ನೋ ಅನುಮಾನ ಇದ್ದರೆ, ಊರಾಚೆ ತೋಟದಲ್ಲೇ ಇರೋ ನಮ್ಮ ಫಾರ್ಮ್‌ಲೋರ್‌ನಂಥ ಕಡೆ ಒಮ್ಮೆ ಪರೀಕ್ಷೆ ಮಾಡ್ಕೊಳ್ಳಿ. ಅಲ್ಲೇ ಆಕಳಿಸಿದವರನ್ನ ಕೋಪನ್‌ಹೇಗನ್‌ಗೆ ಕರ್ಕೊಂಡು ಹೋಗಿ ಪ್ರಯೋಜನ ಇಲ್ಲ.

ವಾರದ ದಿನ ನೋಡ್ಕೊಳ್ಳಿ. ಪ್ಯಾರಿಸ್‌ನಲ್ಲಿ ಎಷ್ಟೋ ದೊಡ್ಡ ಹೋಟೆಲ್‌ಗಳು ಶನಿವಾರ ಭಾನುವಾರ ಮುಚ್ಚಿರುತ್ತವೆ, ಆಗಸ್ಟಲ್ಲಿ ವಾರಗಟ್ಟಲೆ.

ಬುಕಿಂಗ್ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಮುಂಚೆ, ಅಲ್ಲಿನ ಟೈಮಿಗೆ ತೆರೆಯುತ್ತೆ. ಟೋಕಿಯೋದ ಬೆಳಗ್ಗೆ ಹತ್ತು ನಮ್ಮ ಆರೂವರೆ, ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಹತ್ತು ನಮ್ಮ ಸಂಜೆ ಏಳೂವರೆ. ಆ ಹೊತ್ತಿಗೆ ಲಾಗಿನ್ ಆಗಿ ಕೂತಿರಬೇಕು. ಕೈಕೊಡೋದು ಬಹುತೇಕ ಕಾರ್ಡೇ: ಆರ್‌ಬಿಐ ನಿಯಮದಿಂದ ಹೊಸ ಕಾರ್ಡ್‌ಗಳಲ್ಲಿ ಅಂತರರಾಷ್ಟ್ರೀಯ ವ್ಯವಹಾರ ನಾವೇ ಆನ್ ಮಾಡೋ ತನಕ ಆಫ್. ಬ್ಯಾಂಕ್ ಆ್ಯಪ್‌ನಲ್ಲಿ ಹಿಂದಿನ ದಿನವೇ ಅದನ್ನ, ಜೊತೆಗೆ ಆನ್‌ಲೈನ್ ಸ್ವಿಚ್ಚನ್ನೂ ಆನ್ ಮಾಡಿ ಮಿತಿ ಏರಿಸಿಡಿ. ಸ್ವಿಚ್ ಹುಡುಕೋ ಎರಡು ನಿಮಿಷದಲ್ಲಿ ಎಂಟು ಸೀಟಿನ ಕೌಂಟರ್ ಖಾಲಿ ಆಗಿರುತ್ತೆ. ಯೂರೋಪಿನ ಷೆಂಗೆನ್ ವೀಸಾ ಇನ್ನೂ ಬಂದಿಲ್ಲವಾ? ಪೂರ್ತಿ ಮುಂಗಡ ಕಟ್ಟಿಸಿಕೊಳ್ಳೋ, ವಾಪಸ್ ಕೊಡದ ಜಾಗ ಮುಟ್ಟಬೇಡಿ. ಕಾರ್ಡ್ ವಿವರ ಮಾತ್ರ ಇಟ್ಟುಕೊಂಡು 48 ಅಥವಾ 72 ಗಂಟೆ ಮುಂಚೆ ರದ್ದು ಮಾಡೋಕೆ ಬಿಡೋ ಕಡೆ ಹೋಗಿ.

ಮೆನುವಿನ ಬೆಲೆಯನ್ನೇ ಬಜೆಟ್ ಅಂದ್ಕೋಬೇಡಿ. ಸಿಂಗಾಪುರದಲ್ಲಿ 300 ಡಾಲರ್ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಶೇ. 10 ಸರ್ವಿಸ್ ಸೇರಿ 330, ಅದರ ಮೇಲೆ ಶೇ. 9 ಜಿಎಸ್‌ಟಿ ಸೇರಿ 359.70. ವಿದೇಶಿ ಕರೆನ್ಸಿ ವ್ಯವಹಾರಕ್ಕೆ ಬ್ಯಾಂಕ್ ಶೇ. 3.5 ಮಾರ್ಕಪ್ ಶುಲ್ಕ ಹಾಕಿದರೆ, ಆ ಮಾರ್ಕಪ್ ಮೇಲೆ ನಮ್ಮ ಶೇ. 18 ಜಿಎಸ್‌ಟಿ ಬೇರೆ. ಬಾಟಲಿ ನೀರು, ಪ್ರತಿ ಕೋರ್ಸ್‌ಗೂ ಹೊಂದೋ ವೈನ್ ಕೊಡೋ ವೈನ್ ಪೇರಿಂಗ್ ಇದರಲ್ಲಿ ಇಲ್ಲ. ಪೇರಿಂಗ್ ಒಂದೇ ಕೆಲವು ಕಡೆ ಊಟದಷ್ಟಾಗುತ್ತೆ. ಫ್ರಾನ್ಸಲ್ಲಿ ಸರ್ವಿಸ್ ಬೆಲೆಯಲ್ಲೇ ಸೇರಿದೆ, ಜಗ್‌ನಲ್ಲಿ ಮಾಮೂಲಿ ನೀರು ಕೇಳಿದರೆ ಪುಕ್ಕಟೆ. ಲಂಡನ್‌ನಲ್ಲಿ ಶೇ. 12.5ರ ಸುಮಾರು ಬಿಲ್ಲಿಗೇ ಹಾಕಿರ್ತಾರೆ, ಮೇಲೆ ಇನ್ನೊಂದು ಟಿಪ್ ಬೇಕಿಲ್ಲ. ಅಮೆರಿಕದಲ್ಲಿ ಟಿಪ್ ಸೇರದಿದ್ದರೆ ಶೇ. 18ರಿಂದ 20 ಇಡಬೇಕು, ಜಪಾನಲ್ಲಿ ಟಿಪ್ ಪದ್ಧತಿಯೇ ಇಲ್ಲ. ಕೊನೆಗೆ ಮಷಿನ್ ‘ರೂಪಾಯಿಯಲ್ಲಿ ಕೊಡ್ತೀರಾ’ ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಕರೆನ್ಸಿಯನ್ನೇ ಒತ್ತಿ. ರೂಪಾಯಿ ಒತ್ತಿದರೆ ಆ ಮಷಿನ್ ಕಂಪನಿ ತನಗೆ ಬೇಕಾದ ರೇಟಲ್ಲಿ ಲೆಕ್ಕ ಹಾಕುತ್ತೆ.