ಕಲ್ಲಿಗೆ 6 ಮೀಟರ್ ಲೆಕ್ಕ ಗೊತ್ತಾ?

ನಮ್ಮಲ್ಲಿ ಯಾವ ಕಲ್ಲು ಕ್ವಾರಿಗೆ ಹೋದರೂ ಮೊದಲು ಬರುವ ಪ್ರಶ್ನೆ ಒಂದೇ. "ಬೆಂಚ್ ಎಷ್ಟು ಎತ್ತರ ಇದೆ?" ಬೆಂಚ್ ಅಂದರೆ ಕಲ್ಲು ಕಡಿಯುತ್ತಾ ಬಿಡುವ ಮೆಟ್ಟಿಲು. ನಮ್ಮ ದೇಶದ ಗಣಿ ನಿಯಮಗಳಾದ 1961ರ ಮೆಟಾಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್ ಕಲಿಸಿದ ಪ್ರಶ್ನೆ ಅದು. ಗಟ್ಟಿ ಕಲ್ಲಿನಲ್ಲಿ ಒಂದು ಮೆಟ್ಟಿಲು 6 ಮೀಟರ್ ದಾಟಬಾರದು, ಬುಡ ಕೊರೆದು ಮೇಲಿನ ಕಲ್ಲನ್ನು ಜೋತಾಡಲು ಬಿಡಬಾರದು. ಕೆಲಸ ಶುರು ಮಾಡಿದ ದಿನಗಳಲ್ಲಿ ನಾನೂ ಟೇಪ್ ಬಿಟ್ಟು ಅಳೆದು, 6ರೊಳಗೆ ಬಂತು ಅಂದರೆ ನೆಮ್ಮದಿಯಾಗಿ ಸಹಿ ಹಾಕಿದವನೇ.

ಈಗ ಬ್ರಿಟನ್ನಿನಲ್ಲಿ ಅದೇ ಕೆಲಸ. ಬಂದ ಹೊಸತರಲ್ಲಿ 15 ಮೀಟರ್ ಎತ್ತರದ ಕಲ್ಲಿನ ಗೋಡೆ ಕಂಡು ಎದೆ ಢವಢವ ಅಂದಿತ್ತು. ಪಕ್ಕದಲ್ಲಿದ್ದವರು ಎತ್ತರದ ಮಾತೇ ಎತ್ತಲಿಲ್ಲ. "ಬಿರುಕುಗಳು ಯಾವ ಕಡೆ ವಾಲಿವೆ?" ಅಂತ ಕೇಳಿದರು. ನನಗೆ ಅನಿಸಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ: ಬೆಟ್ಟದ ಮೈಯಲ್ಲಿ ಕ್ವಾರಿ ಮಾಡುವವರು ಮೊದಲು ಕೇಳಬೇಕಾದ್ದು ಆ ಪ್ರಶ್ನೆಯನ್ನೇ.

ಯಾಕೆ ಅಂದರೆ, ಗ್ರಾನೈಟ್ ಬೆಟ್ಟ ಈರುಳ್ಳಿಯ ಹಾಗೆ. ಮೇಲಿನ ಭಾರ ಸವೆದು ಹೋದಂತೆ ಕಲ್ಲು ಹಿಗ್ಗಿ, ಬೆಟ್ಟದ ಮೈಗೆ ಸಮನಾಗಿ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಬೆಟ್ಟ ಕೆಳಕ್ಕೆ ಇಳಿದ ಕಡೆಗೇ ಪದರವೂ ಇಳಿದಿರುತ್ತದೆ. ಕ್ವಾರಿಯವರು ಬುಡದಿಂದ ಕಡಿಯುತ್ತಾ ಹೋದರೆ ಪದರದ ಕಾಲನ್ನೇ ಕತ್ತರಿಸಿದ ಹಾಗೆ. ಮೇಲಿನ ಹಾಸು ಆಮೇಲೆ ಬರೀ ತಿಕ್ಕಾಟದ ಮೇಲೆ ನಿಂತಿರುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಪದರದ ವಾಲು 28 ಡಿಗ್ರಿ, ಅದರ ತಿಕ್ಕಾಟದ ಕೋನ, ಅಂದರೆ ಎಷ್ಟು ವಾಲಿಸಿದರೆ ಕಲ್ಲು ತಾನಾಗಿ ಜಾರಲು ಶುರು ಮಾಡುತ್ತದೋ ಆ ಕೋನ, 32 ಡಿಗ್ರಿ ಅಂದುಕೊಳ್ಳೋಣ. ನಡುವೆ ಅಂಟು ಏನೂ ಇಲ್ಲ, ನೀರೂ ಇಲ್ಲ. ಜಾರದಂತೆ ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ 1.18 ಬರುತ್ತದೆ. ಹೇಗೋ ನಿಂತಿದೆ, ಅಷ್ಟೇ. ಇನ್ನು ಮಳೆ ಬಂತು. ಪದರದ ಸಂದಿಗೆ ಇಳಿದ ನೀರು ಕಲ್ಲಿನ ತೂಕದ ಐದರಲ್ಲಿ ಒಂದು ಪಾಲಿನಷ್ಟು ಬಲದಿಂದ ಅದನ್ನು ಎತ್ತಿ ಹಿಡಿದರೆ ಅದೇ ಅಂಕಿ 0.91ಕ್ಕೆ ಇಳಿಯುತ್ತದೆ. ಒಂದಕ್ಕಿಂತ ಕಡಿಮೆ ಅಂದರೆ ಕಲ್ಲು ಹೊರಟಿತು ಅಂತ. ಇಷ್ಟೆಲ್ಲ ಲೆಕ್ಕದಲ್ಲಿ ಎತ್ತರ ಎಲ್ಲಾದರೂ ಬಂತಾ? ಬೆಂಚ್ 6 ಮೀಟರ್ ಇರಲಿ, 15 ಇರಲಿ, ಉತ್ತರ ಅದೇ. ಎತ್ತರ ಕಡಿಮೆ ಇದ್ದರೆ ಬೀಳುವ ಕಲ್ಲು ಚಿಕ್ಕದಿರುತ್ತದೆ, ನಿಜ. ಕೆಳಗೆ ನಿಂತವನಿಗೆ ಅದೇನು ದೊಡ್ಡ ಸಮಾಧಾನ ಅಲ್ಲ, ಅಲ್ವಾ?

ಎರಡು ಬಿರುಕು ಒಂದನ್ನೊಂದು ದಾಟಿದರೆ ಬೆಣೆಯ ಆಕಾರದ ತುಂಡು ಜಾರುತ್ತದೆ. ಬಿರುಕು ಬೆಟ್ಟದ ಒಳಕ್ಕೆ ಕಡಿದಾಗಿ ವಾಲಿದ್ದರೆ ಕಂಬಗಳು ಮುಂದಕ್ಕೆ ಮಗುಚುತ್ತವೆ. ಇವನ್ನೆಲ್ಲ ಕಂಡುಹಿಡಿಯಲು ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ಕಂಪಾಸ್, ಒಂದು ಬಾಟಲಿ ನೀರು. ಪದರದ ಮೇಲೆ ನೀರು ಸುರಿಯಿರಿ, ಅದು ಹರಿದು ಹೋದ ಗೆರೆಯೇ ವಾಲಿನ ದಿಕ್ಕು.

ಬ್ರಿಟನ್ನಿನ 1999ರ ಕ್ವಾರೀಸ್ ರೆಗ್ಯುಲೇಷನ್ಸ್‌ನಲ್ಲಿ ನನಗೆ ಹಿಡಿಸಿದ್ದು ಇದು: ಬಲ್ಲವರೊಬ್ಬರು ಬಂದು ನೋಡಿ, ಈ ಗೋಡೆಯಿಂದ ಅಪಾಯ ಇದೆಯೋ ಇಲ್ಲವೋ ಎಂದು ಬರೆದುಕೊಡಲೇಬೇಕು. ದೊಡ್ಡ ಅಪಾಯ ಅಂತಾದರೆ ಆ ವಿಷಯದ ಪರಿಣತರಿಂದ ಪೂರ್ತಿ ಪರೀಕ್ಷೆ ಆಗಬೇಕು. ಆಮೇಲೂ ಕನಿಷ್ಠ ಎರಡು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಟೇಪಿನ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ.

ಹಾಗಂತ ಇಲ್ಲಿಯದೆಲ್ಲ ಬಂಗಾರ ಅಂತ ನಾನು ಹೇಳುವುದಿಲ್ಲ. ಡ್ರೋನ್ ಹಾರಿಸಿ, ಲೇಸರ್ ಬಿಟ್ಟು, ಗೋಡೆಯ ಮಾದರಿಯನ್ನು ಕಂಪ್ಯೂಟರ್ ಮೇಲೆ ತಿರುಗಿಸಿ ನೋಡುವವರು ಎಷ್ಟೋ ಸಲ ಕಲ್ಲನ್ನು ಮುಟ್ಟಿಯೂ ನೋಡಿರುವುದಿಲ್ಲ. ಲೇಸರಿಗೆ ಕಾಣುವುದು ಮೇಲಿನ ಚರ್ಮ ಮಾತ್ರ. ಆಗೆಲ್ಲ ನನಗೆ ಊರಕಡೆಯ ಮೇಸ್ತ್ರಿಯೊಬ್ಬರು ನೆನಪಾಗುತ್ತಾರೆ. ಹಾಸಿನ ಮೇಲೆ ಹೆಜ್ಜೆಗೊಂದು ಸಲ ಹಾರೆಯಿಂದ ಬಡಿಯುತ್ತಾ ನಡೆಯುತ್ತಿದ್ದರು. ಠಣ್, ಠಣ್, ಠಣ್. ಒಂದು ಕಡೆ ಸದ್ದು ದಪ್ಪಗಾಯಿತು. ಹಾರೆ ಅಲ್ಲೇ ಊರಿ ನಿಂತರು. "ಇಲ್ಲಿಂದ ಮುಂದಕ್ಕೆ ಬ್ಯಾಡಿ ಸಾರ್, ಒಳಗೆ ಬಿಟ್ಕೊಂಡಿದೆ." ನನ್ನ ಟೇಪಿನ ಪ್ರಕಾರ ಅಲ್ಲಿ ಎಲ್ಲ ಸರಿ ಇತ್ತು. ಹಿಂದಕ್ಕೆ ಹೋಗಿ ಮಣ್ಣು ಕೆರೆದು ನೋಡಿದರೆ ಬೆರಳು ತೂರುವಷ್ಟು ಅಗಲದ ಬಿರುಕು.

ಅದು ಸುಮ್ನೆ ಒಬ್ಬರ ಕೈಚಳಕ ಅಲ್ಲ. ಬೆಂಗಳೂರಿನ ಸುತ್ತಿನ ಕಲ್ಲಿನ ಕೆಲಸದವರು ನೂರು ವರ್ಷಕ್ಕೂ ಹಿಂದೆ ಬೆಂಕಿ ಹಾಕಿ ದೊಡ್ಡ ದೊಡ್ಡ ಹಾಸುಗಳನ್ನು ಎಬ್ಬಿಸುತ್ತಿದ್ದಾಗ, ಸೀಳು ಎಲ್ಲಿಯವರೆಗೆ ಓಡಿದೆ ಎಂದು ಸುತ್ತಿಗೆಯ ಸದ್ದಿನಿಂದಲೇ ತಿಳಿಯುತ್ತಿದ್ದರು. ಇಷ್ಟು ಹಳೆಯ ಕಿವಿ ನಮ್ಮಲ್ಲಿದ್ದೂ ನಾವು ಅದನ್ನು ಕಾಗದಕ್ಕೆ ತರಲಿಲ್ಲ. ಮೇಸ್ತ್ರಿ ಹೇಳಿದ್ದು ಮೇಸ್ತ್ರಿಯ ಜೊತೆಗೇ ಹೋಯಿತು, ಟೇಪಿನ ಅಳತೆ ಫೈಲಿನಲ್ಲಿ ಉಳಿಯಿತು.

ಇಲ್ಲಿ ನನ್ನ ಗಾಡಿಯಲ್ಲಿ ಈಗ ಒಂದು ಹಾರೆ ಇರುತ್ತದೆ. ಗೋಡೆಯ ಬುಡಕ್ಕೆ ಹೋಗಿ ಬಡಿಯುವ ಹುಚ್ಚು ಸಾಹಸ ಮಾಡುವುದಿಲ್ಲ, ಯಾರೂ ಮಾಡಬಾರದು. ಮೇಲಿನ ಹಾಸಿನ ಮೇಲೆ, ಅಂಚಿನಿಂದ ದೂರದಲ್ಲಿ ನಡೆಯುತ್ತಾ ಬಡಿಯುತ್ತೇನೆ. ರಿಪೋರ್ಟಿನಲ್ಲಿ ಫೋಟೋಗೆ ಜಾಗ ಇದೆ, ಕೋನಕ್ಕೆ ಜಾಗ ಇದೆ, ಸದ್ದಿಗೆ ಇಲ್ಲ. ಹಾಗಾಗಿ ಪಕ್ಕದ ಖಾಲಿ ಜಾಗದಲ್ಲಿ "ಬಡಿದರೆ ಟೊಳ್ಳು" ಅಂತ ಬರೆಯುತ್ತೇನೆ. ಇದರ ಯೂನಿಟ್ ಏನು ಅಂತ ಒಮ್ಮೆ ಮೇಲಿನವರು ಕೇಳಿದರು.