ಕಾಟಿಯ ಹೆಸರಿಲ್ಲದ ಪಟ್ಟಿ

ಕ್ರಿಕೆಟ್ ಮೈದಾನಕ್ಕೆ ನಾಯಿ ನುಗ್ಗಿದರೆ ಆಟ ನಿಲ್ಲುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ, ನಾಯಿ ತೊಲಗಿದ ಮೇಲೆ ಏನೂ ಆಗಲಿಲ್ಲವೆಂಬಂತೆ ಬೌಲರ್ ಮತ್ತೆ ಓಡಿಬರುತ್ತಾನೆ. ಗಾಲ್ಫ್ ಹಾಗಲ್ಲ. ಪ್ರಾಣಿಗಳು ಬಂದೇ ಬರುತ್ತವೆ, ಬಂದರೆ ಸುಮ್ಮನಿರುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕಿ ಅಲ್ಲಿ ಕಾನೂನು ಬರೆದಿಟ್ಟಿದ್ದಾರೆ. ನಿಂತ ಚೆಂಡನ್ನು ನರಿ ಕಚ್ಚಿಕೊಂಡು ಹೋದರೆ ದಂಡವಿಲ್ಲ. ಅದಿದ್ದ ಜಾಗದಲ್ಲಿ ಇನ್ನೊಂದನ್ನಿಟ್ಟು ಹೊಡೆಯಬಹುದು. ಆದರೆ ನರಿಯೇ ಒಯ್ದದ್ದು ಎಂದು ಗೊತ್ತಿರಬೇಕು, ಇಲ್ಲವೇ ಶೇಕಡಾ 95ರಷ್ಟಾದರೂ ಖಚಿತವಿರಬೇಕು. ಬರೀ ತೊಂಬತ್ತರ ಅನುಮಾನಕ್ಕೆ ನರಿಯ ಮೇಲೆ ಆರೋಪ ಹೊರಿಸುವಂತಿಲ್ಲ. ಮೂರು ನಿಮಿಷ ಹುಡುಕಿ, ಚೆಂಡು ಕಳೆಯಿತೆಂದು ಒಪ್ಪಿ, ಲೆಕ್ಕಕ್ಕೆ ಒಂದು ಹೊಡೆತವನ್ನು ದಂಡವಾಗಿ ಸೇರಿಸಿಕೊಂಡು, ಮೊದಲು ಹೊಡೆದ ಜಾಗಕ್ಕೆ ವಾಪಸು ನಡೆಯಬೇಕು. ಊರಕಟ್ಟೆಯ ಮೇಲೆ ಮನುಷ್ಯರಿಗೆ ಸಿಗದ ಸಂಶಯದ ಲಾಭ ಇಲ್ಲಿ ನರಿಗೆ ಸಿಗುತ್ತದೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನಮ್ಮ ಗುಂಪಿನ ವಕೀಲರು. ವೃತ್ತಿಯಿಂದ ನಿವೃತ್ತರಾಗಿದ್ದಾರೆ, ವಾದದಿಂದ ಆಗಿಲ್ಲ. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳಿರಬಾರದೆಂಬ ನಿಯಮವಿದೆಯಲ್ಲ, ಅವರು ಹದಿಮೂರು ಕೋಲುಗಳನ್ನೂ ಒಂದು ನಿಯಮಪುಸ್ತಕವನ್ನೂ ಇಟ್ಟುಕೊಂಡು ಲೆಕ್ಕ ಸರಿಮಾಡಿಕೊಂಡಿದ್ದಾರೆ. ಹದಿಮೂರು ಕೋಲುಗಳಿಗಿಂತ ಅವರು ಹೆಚ್ಚು ಬಳಸುವುದು ಪುಸ್ತಕವನ್ನೇ.

ಬೆಂಗಳೂರಿನಲ್ಲಿ ಆ ಪುಸ್ತಕಕ್ಕೆ ಅಂಥ ಕೆಲಸವಿರಲಿಲ್ಲ. ಕಾಗೆ, ಹದ್ದು, ಮುಂಗುಸಿ, ಮಳೆ ಬಂದಾಗ ಒಂದು ಕೇರೆಹಾವು, ಅಷ್ಟೆ. ಕೆಲಸ ಬಿದ್ದದ್ದು ಕೊಡೈಕನಾಲಿನಲ್ಲಿ. ಅಲ್ಲಿನ ಗಾಲ್ಫ್ ಕ್ಲಬ್ 1895ರದು. ಮಂಜು ಸರಿದಾಗ, ಚೆಂಡು ಸೇರಬೇಕಾದ ಕುಳಿಯ ಬಾವುಟ ಕಾಣಬೇಕಾದಲ್ಲಿ ಕಾಟಿಗಳು, ಅಂದರೆ ಕಾಡುಕೋಣಗಳು, ಕಂಡವು: ಒಂದು ಹೋರಿ, ನಾಲ್ಕೈದು ಹೆಣ್ಣು, ಎರಡು ಕರು. ಹೋರಿ ಹೆಗಲಿನ ಹತ್ತಿರ ಆರಡಿ ಎತ್ತರ, ಟನ್ನಿನ ಆಸುಪಾಸು ತೂಕ. ಮೈಯೆಲ್ಲ ಕಪ್ಪು, ಮೊಣಕಾಲಿನಿಂದ ಕೆಳಗೆ ಅಚ್ಚುಕಟ್ಟಾದ ಬಿಳಿ. ಹಳೆಯ ಕ್ಲಬ್ಬುಗಳ ಉಡುಪಿನ ನಿಯಮ ಓದಿಕೊಂಡೇ ಕಾಲುಚೀಲ ಹಾಕಿಕೊಂಡು ಬಂದಂತಿತ್ತು. ಅದರ ಮೂತಿಯಿಂದ ಮಾರು ದೂರದಲ್ಲಿ 46 ಗ್ರಾಂ ತೂಕದ ವಕೀಲರ ಚೆಂಡು ಬಿದ್ದಿತ್ತು.

ನಮ್ಮ ಚೀಲ ಹೊತ್ತು ಬಂದಿದ್ದ ಕ್ಯಾಡಿ ಅದನ್ನು ಇಳಿಸಿ, ಮರದ ಬುಡದಲ್ಲಿ ಕುಳಿತು ಬೀಡಿ ಹಚ್ಚಿದ. ಅವನಿಗೆ ತಮಿಳು ಮಾತ್ರ ಬರುತ್ತಿತ್ತು. ವಕೀಲರಿಗೆ ಕನ್ನಡ ಮತ್ತು ಕಾನೂನು. ಅವರು ಪುಸ್ತಕ ತೆಗೆದರು. ಅಪಾಯಕಾರಿ ಪ್ರಾಣಿ ಹತ್ತಿರವಿದ್ದರೆ ದಂಡವಿಲ್ಲದೆ ಚೆಂಡನ್ನು ಬೇರೆಡೆಗೆ ಒಯ್ಯಬಹುದು, ಕುಳಿಗೆ ಹತ್ತಿರವಾಗಬಾರದು ಅಷ್ಟೆ ಎಂದು ನಿಯಮ 16.2 ಹೇಳುತ್ತದೆ. ಎಂಥ ಪ್ರಾಣಿ ಎಂಬುದಕ್ಕೆ ಪಟ್ಟಿಯೂ ಇದೆ: ವಿಷದ ಹಾವು, ಕುಟುಕುವ ಜೇನು, ಅಲಿಗೇಟರ್, ಉರಿ ಏಳುವಂತೆ ಕಚ್ಚುವ ಇರುವೆ, ಕರಡಿ. ಈ ನಿಯಮಗಳನ್ನು ಬರೆಯುವುದು ಸ್ಕಾಟ್ಲೆಂಡಿನ ಒಂದು ಸಂಸ್ಥೆ, ಅಮೆರಿಕದ ಒಂದು ಸಂಸ್ಥೆ ಸೇರಿ. ಸ್ಕಾಟ್ಲೆಂಡಿನ ಕಾಡಿನಲ್ಲಿ ಈಗ ಕರಡಿಯೂ ಇಲ್ಲ, ಅಲಿಗೇಟರಂತೂ ಇಲ್ಲ. ಆದ್ದರಿಂದ ಈ ವಾಕ್ಯ ಅಮೆರಿಕದವರದೇ ಎಂದು ನನ್ನ ಊಹೆ. ಇರುವೆಗೆ ಜಾಗವಿದೆ, ಕಾಟಿಗೆ ಇಲ್ಲ. ಆನೆಗೂ ಇಲ್ಲ.

“ರಾಯರೇ, ‘ಉದಾಹರಣೆಗೆ’ ಎಂದಿದೆ. ಪಟ್ಟಿ ಸೂಚಕವೇ ಹೊರತು ಪೂರ್ಣವಲ್ಲ” ಎಂದರು ವಕೀಲರು.

“ಅದು ಕಾಟಿಗೂ ಗೊತ್ತಿದೆಯೇ, ವಕೀಲರೇ?”

ಹೋರಿ ಒಮ್ಮೆ ತಲೆಯೆತ್ತಿ ಮೂಗಿನಿಂದ ಬುಸ್ಸೆಂದಿತು. ವಾದ ಅಲ್ಲಿಗೆ ಮುಂದಕ್ಕೆ ಹೋಯಿತು.

ಕಾಯುವಾಗ ನೋಡಲು ಬೇಕಾದಷ್ಟಿತ್ತು. ಕಾಟಿ ಹುಲ್ಲನ್ನು ಎಷ್ಟು ನಿಧಾನವಾಗಿ, ಎಷ್ಟು ಗಮನವಿಟ್ಟು ಮೇಯುತ್ತದೆಂದರೆ, ಅಷ್ಟು ಗಮನವನ್ನು ನಮ್ಮಲ್ಲಿ ಯಾರೂ ಚೆಂಡಿನ ಮೇಲೆ ಇಟ್ಟವರಲ್ಲ. ಅದು ಇಲ್ಲಿಗೇ ಬರಲು ಕಾರಣವೂ ಇದೆ. ಪಳನಿ ಬೆಟ್ಟಗಳ ನೆತ್ತಿ ಹಿಂದೆ ಬಹುಪಾಲು ಹುಲ್ಲುಗಾವಲು. ಕಳೆದ ಶತಮಾನದಲ್ಲಿ ಸೌದೆಗೆಂದೂ ತೊಗಟೆಗೆಂದೂ ವ್ಯಾಟಲ್, ನೀಲಗಿರಿ, ಪೈನ್ ಮರಗಳನ್ನು ಅದರ ಮೇಲೆ ನೆಟ್ಟರು. ಆ ಮರಗಳ ದಟ್ಟ ನೆರಳಿನಲ್ಲಿ ಹುಲ್ಲು ಏಳುವುದಿಲ್ಲ. ಉಳಿದದ್ದು ಗಾಲ್ಫಿನ ಹುಲ್ಲು. ಮೇಲಾಗಿ ಯಂತ್ರ ಓಡಿಸಿ ಕತ್ತರಿಸುತ್ತಲೇ ಇರುವುದರಿಂದ ಅದು ಎಳೆಯದಾಗಿಯೇ ಚಿಗುರುತ್ತಿರುತ್ತದೆ. ಕ್ಲಬ್ಬಿನವರು ನಮಗೆಂದು ಪಡುವ ಶ್ರಮದ ನಿಜವಾದ ಫಲಾನುಭವಿ ಯಾರೆಂದು ನೋಡಿದರೆ, ನಾವಂತೂ ಅಲ್ಲ. ನಾವು ದುಡ್ಡು ಕೊಟ್ಟು ಆ ಹುಲ್ಲನ್ನು ಕೋಲಿನಿಂದ ಕಿತ್ತು ಹಾಕುತ್ತೇವೆ.

ಕಾಯುತ್ತ ಕುಳಿತಾಗ ವಕೀಲರು ಹೊರದೇಶದ ಪೂರ್ವನಿದರ್ಶನಗಳನ್ನು ಒಂದೊಂದಾಗಿ ಮಂಡಿಸಿದರು. ಉಗಾಂಡದ ಜಿಂಜಾದಲ್ಲಿ ನೀರುಕುದುರೆಯ ಹೆಜ್ಜೆಗುಳಿಗೆ ಬಿದ್ದ ಚೆಂಡನ್ನು ದಂಡವಿಲ್ಲದೆ ಎತ್ತಿಕೊಳ್ಳಬಹುದೆಂಬ ಸ್ಥಳೀಯ ನಿಯಮವಿತ್ತಂತೆ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದೊಳಗೆ, ಸ್ಕುಕೂಜಾದಲ್ಲಿ, ಬೇಲಿಯೇ ಇಲ್ಲದ ಮೈದಾನವಿದೆ. ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡೇ ಆಡಲು ಬಿಡುತ್ತಾರೆ. ಆಸ್ಟ್ರೇಲಿಯದ ಕಾರ್‌ಬ್ರೂಕ್‌ನಲ್ಲಿ 1996ರ ನೆರೆಯಲ್ಲಿ ನದಿ ಉಕ್ಕಿ ಬುಲ್ ಶಾರ್ಕ್‌ಗಳು ಗಾಲ್ಫ್ ಮೈದಾನದ ಕೆರೆ ಸೇರಿದವು, ನೆರೆ ಇಳಿದ ಮೇಲೆ ಅಲ್ಲೇ ಉಳಿದು ವರ್ಷಗಟ್ಟಲೆ ಬದುಕಿದವು. ಕೆರೆಗೆ ಬಿದ್ದ ಚೆಂಡನ್ನು ತೆಗೆಯಲು ಅಲ್ಲಿ ಯಾರೂ ಪ್ಯಾಂಟು ಮಡಚಿರಲಾರರು. 1998ರಲ್ಲಿ ಫ್ಲಾರಿಡಾದ ಸಾಗ್ರಾಸ್‌ನಲ್ಲಿ, ಸಾವಿರಾರು ಜನ ನೋಡುತ್ತಿರುವಂತೆಯೇ, ಕಡಲಹಕ್ಕಿಯೊಂದು ಕುಳಿಯ ಸುತ್ತಲಿನ ನುಣುಪು ಹುಲ್ಲಿನ, ಅಂದರೆ ಗ್ರೀನ್‌ನ, ಮೇಲಿದ್ದ ಚೆಂಡನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಹೋಗಿ ನೀರಿಗೆ ಬೀಳಿಸಿತು. ಸಾಕ್ಷಿಗಳು ಅಷ್ಟಿದ್ದಾಗ ಶೇಕಡಾವಾರಿನ ಪ್ರಶ್ನೆಯೇ ಏಳಲಿಲ್ಲ ಎಂದು ವಕೀಲರು ಸಂತೋಷಪಟ್ಟರು.

ಕೊನೆಗೆ ಹಿಂಡು ತನಗೆ ಬೇಕೆನಿಸಿದಾಗ ಕಾಡಿಗೆ ಇಳಿಯಿತು. ಹೋಗುವ ಮೊದಲು ಹೋರಿ, ಚೆಂಡಿದ್ದಲ್ಲಿಯೇ ನಿಂತು, ಒಂದು ಹೆಡಿಗೆಯಷ್ಟು ಸೆಗಣಿ ಹಾಕಿತ್ತು. ಚೆಂಡು ಅದರ ಅಂಚಿನಲ್ಲಿ ಅರ್ಧ ಹೂತು ಬೆಳ್ಳಗೆ ಕಾಣುತ್ತಿತ್ತು.

ಈಗ ಪುಸ್ತಕ ನಿಜಕ್ಕೂ ಬೇಕಾಯಿತು. ಪ್ರಾಣಿಯ ಮಲವನ್ನು ಬಿದ್ದ ಎಲೆ, ಕಡ್ಡಿ, ಕಲ್ಲಿನ ಸಾಲಿಗೇ ಸೇರಿಸಿದ್ದಾರೆ. ಕೈಯಿಂದಾದರೂ ಕೋಲಿನಿಂದಾದರೂ ಅದನ್ನು ಸರಿಸಬಹುದು. ಆದರೆ ಸರಿಸುವಾಗ ಚೆಂಡು ಅಲುಗಿದರೆ ಒಂದು ಹೊಡೆತದ ದಂಡ. ಹೂತ ಚೆಂಡನ್ನು ಅಲುಗಿಸದೆ ಹಸಿ ಸೆಗಣಿ ತೆಗೆಯುವುದು ಶಸ್ತ್ರಚಿಕಿತ್ಸಕರಿಗೂ ಆಗದು. ಆಡಲಾಗದೆಂದು ಘೋಷಿಸಿ ಚೆಂಡನ್ನು ಎತ್ತಿಕೊಂಡರೂ ಒಂದು ದಂಡ. ಯಾವ ದಂಡವನ್ನೂ ತೆರದೆ ಪಾರಾಗಲು ವಕೀಲರಿಗೆ ಕಂಡ ದಾರಿ ಒಂದೇ: ಇದ್ದಲ್ಲಿಂದಲೇ ಹೊಡೆಯುವುದು. ಅಷ್ಟು ದೂರದಿಂದ ಬಂದು, ಅಷ್ಟು ಹೊತ್ತು ಕಾದು, ಸೆಗಣಿಗೆ ದಂಡ ಕಟ್ಟಲು ವಕೀಲರು ಸಿದ್ಧರಿರಲಿಲ್ಲ. ಕ್ಯಾಡಿ ಮಾತ್ರ ಚೀಲವನ್ನೆತ್ತಿಕೊಂಡು ಹತ್ತು ಹೆಜ್ಜೆ ಹಿಂದೆ ಸರಿದ. ಅದೇಕೆಂದು ನಾನು ಯೋಚಿಸುವಷ್ಟರಲ್ಲಿ ಅವರು ಕೋಲು ಬೀಸಿದರು.

ಚೆಂಡು ಆರಡಿ ಹೋಯಿತು. ಸೆಗಣಿ ಅದಕ್ಕಿಂತ ದೂರ ಬಂತು, ನನ್ನ ಅಂಗಿಯವರೆಗೆ. ಪಕ್ಕದಲ್ಲಿ ನಿಂತವನಿಗೆ ನಿಯಮದಲ್ಲಿ ಏನಾದರೂ ಪರಿಹಾರ ಉಂಟೇ ಎಂದು ಕೇಳಿದೆ. ವಕೀಲರು ಕನ್ನಡಕ ಒರೆಸಿಕೊಂಡು ಗಂಭೀರವಾಗಿ ಮೊದಲ ಪುಟದಿಂದ ಹುಡುಕತೊಡಗಿದರು.